ಕೆಟ್ಟ ಸುದ್ದಿ ಬೇಗ ಬರಲಿ

(ಹುಬ್ಬಳ್ಳಿಯಲ್ಲಿ ಕಾರ್ಖಾನೆ, ಗೋದಾಮು, ಆಸ್ಪತ್ರೆಗಳ ಮೇಲ್ವಿಚಾರಕರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಗೋಕುಲ ರಸ್ತೆ, ತಾರಿಹಾಳ, ರಾಯಾಪುರದ ಕಾರ್ಖಾನೆಗಳಿಂದ ಬಂದವರು ಇಲ್ಲಿದ್ದೀರಿ. ಬ್ಯಾಡಗಿಯಲ್ಲಿ ಕೋಲ್ಡ್ ಸ್ಟೋರೇಜ್ ನೋಡಿಕೊಳ್ಳುವವರು ಬಂದಿದ್ದೀರಿ. ಗದಗದ ಪ್ರೆಸ್‌ನವರಿದ್ದೀರಿ, ಆಸ್ಪತ್ರೆಯ ಹೆಡ್ ನರ್ಸ್‌ಗಳೂ ಇದ್ದೀರಿ. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿಲ್ಲ. ಆದರೂ ನಿಮ್ಮೆಲ್ಲರ ಪರಿಸ್ಥಿತಿ ಒಂದೇ. ಕೈಕೆಳಗೆ ಹತ್ತೋ ಇಪ್ಪತ್ತೋ ಜನ ಇದ್ದಾರೆ. ಅವರಿಗೆ ಗೊತ್ತಿರುವುದೆಲ್ಲ ನಿಮಗೆ ಗೊತ್ತಿರುವುದಿಲ್ಲ.

ಒಳ್ಳೆಯ ಲೀಡರ್‌ಗಳ ದಿನನಿತ್ಯದ ಅಭ್ಯಾಸಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಬೆಳಿಗ್ಗೆ ಬೇಗ ಬನ್ನಿ, ಕೆಲಸದ ಪಟ್ಟಿ ಮಾಡಿಕೊಳ್ಳಿ, ಸಿಟ್ಟು ಕಡಿಮೆ ಮಾಡಿ, ಇವೆಲ್ಲ ಒಳ್ಳೆಯ ಮಾತೇ. ನಿಮಗೆ ಗೊತ್ತಿರುವ ಮಾತೂ ಹೌದು. ನಾನು ಒಂದೇ ಪ್ರಶ್ನೆ ಹಿಡಿದುಕೊಂಡು ಹೋಗುತ್ತೇನೆ. ನಿಮ್ಮ ಶಿಫ್ಟ್‌ನಲ್ಲಿ ಏನಾದರೂ ಕೆಟ್ಟರೆ ಅದು ನಿಮ್ಮ ಕಿವಿಗೆ ಯಾವಾಗ ಬೀಳುತ್ತದೆ? ಐದು ನಿಮಿಷದಲ್ಲೋ, ಸಂಜೆಗೋ, ಗಿರಾಕಿ ಫೋನ್ ಮಾಡಿ ಬೈದ ಮೇಲೋ? ಒಬ್ಬ ಮೇಲ್ವಿಚಾರಕರು ಹೇಗಿದ್ದಾರೆ ಅಂತ ತಿಳಿಯಬೇಕಾದರೆ ನಾನು ಮೊದಲು ಕೇಳುವುದು ಇದನ್ನೇ.

ಒಂದು ಪ್ರಸಂಗ ಊಹಿಸಿಕೊಳ್ಳಿ. ನಮ್ಮ ಹುಬ್ಬಳ್ಳಿಯಲ್ಲಿ ವಾಲ್ವ್ ಮಾಡುವ ಕಾರ್ಖಾನೆಗಳು ಜಾಸ್ತಿ, ಅದಕ್ಕೆ ವಾಲ್ವ್‌ನದೇ ಉದಾಹರಣೆ ಇರಲಿ. ಸೆಕೆಂಡ್ ಶಿಫ್ಟ್. ಸಿಎನ್‌ಸಿ ಮೆಷಿನ್ (ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರ) ಮೇಲೆ ಒಬ್ಬ ಹುಡುಗ ವಾಲ್ವ್‌ನ ಒಡಲಲ್ಲಿ ರಂಧ್ರ ಕೊರೆಯುತ್ತಿದ್ದಾನೆ. ಏಳು ಗಂಟೆ ಸುಮಾರಿಗೆ ಗೇಜ್, ಅಂದರೆ ಅಳತೆಯ ಸಾಧನ, ಹಾಕಿ ನೋಡಿದರೆ ಅಳತೆ ಸ್ವಲ್ಪ ಆಚೀಚೆ ಆಗಿದೆ. ಕೊರೆಯುವ ಅಲಗು, ಇನ್ಸರ್ಟ್, ಸವೆದಿರಬೇಕು. ಪ್ರತಿ ಐದನೇ ಜಾಬ್ (ಮೆಷಿನ್‌ನಿಂದ ಇಳಿಯುವ ಬಿಡಿಭಾಗ) ಅಳೆಯಬೇಕಿತ್ತು, ಅವನು ಅಳೆದಿಲ್ಲ. ಹಾಗಾಗಿ ಹಿಂದಿನ ಎಷ್ಟು ಜಾಬ್ ಹೀಗೆ ಹೋಗಿವೆ ಅಂತ ಅವನಿಗೂ ಗೊತ್ತಿಲ್ಲ. ಈಗ ಸೂಪರ್‌ವೈಸರ್ ಹತ್ತಿರ ಹೋಗಿ ಹೇಳಬಹುದು. ಇಲ್ಲವೇ ಇನ್ಸರ್ಟ್ ಬದಲಿಸಿ, ಮೆಷಿನ್‌ನ ಅಳತೆ ತಿದ್ದಿ, ಏನೂ ಆಗಿಲ್ಲ ಅನ್ನುವ ಹಾಗೆ ಮುಂದುವರಿಯಬಹುದು. ಮುಗಿದ ಜಾಬ್‌ಗಳು ಟ್ರಾಲಿಯಲ್ಲಿ ಬೇರೆಯವರ ಕೈಗೆ ಹೋಗುತ್ತವೆ, ಹೇಗೋ ಪಾಸಾದರೆ ಆಯಿತು.

ಹುಡುಗ ಏನು ಮಾಡುತ್ತಾನೆ? ಹೋದ ತಿಂಗಳು ಬೇರೊಬ್ಬ ಆಪರೇಟರ್ ಹೀಗೇ ಬಂದು ಹೇಳಿದಾಗ ಸೂಪರ್‌ವೈಸರ್ ಏನು ಮಾಡಿದ್ದರು ಅಂತ ಅವನು ಪಕ್ಕದ ಮೆಷಿನ್‌ನಿಂದ ನೋಡಿದ್ದಾನೆ. ಅವನ ನಿರ್ಧಾರ ಅದರ ಮೇಲೆ ನಿಂತಿದೆ.

ಅವತ್ತೇ ಹೇಳಿದರೆ ಟ್ರಾಲಿಯಲ್ಲಿರುವ ಹದಿನೈದಿಪ್ಪತ್ತು ಜಾಬ್ ಮತ್ತೆ ಅಳೆದು, ಕೆಟ್ಟದ್ದನ್ನು ಬೇರೆ ಇಟ್ಟರೆ ಮುಗಿಯಿತು. ಹೇಳದಿದ್ದರೆ ಅಸೆಂಬ್ಲಿ ಆಗಿ, ಒತ್ತಡದ ನೀರು ತುಂಬಿ ನೋಡುವ ಹೈಡ್ರೋ ಟೆಸ್ಟ್‌ನಲ್ಲಿ ಸೋರಿ, ಎಲ್ಲ ಬಿಚ್ಚಬೇಕು. ಅಲ್ಲೂ ಸಿಕ್ಕಿಬೀಳದೆ ಗಿರಾಕಿಯ ಹತ್ತಿರ ಹೋಯಿತೋ, ಹೆಸರು ಹೋಗುತ್ತದೆ. ತಪ್ಪು ಅದೇ, ಹೊತ್ತು ಕಳೆದ ಹಾಗೆ ಅದರ ಬೆಲೆ ಏರುತ್ತಾ ಹೋಗುತ್ತದೆ.

ಇಲ್ಲೇ ಬೆಂಗೇರಿಯಲ್ಲಿ ನೋಡಿ. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಶುರುವಾಯಿತು. ದೇಶದ ಖಾದಿ ರಾಷ್ಟ್ರಧ್ವಜಕ್ಕೆ ಹೆಸರಾದ ಜಾಗ ಅದು. ಕೆಲಸ ಮಾಡುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ನೂಲುವುದು, ನೇಯುವುದು, ಬಣ್ಣ ಹಾಕುವುದು, ಚಕ್ರ ಅಚ್ಚು ಹಾಕುವುದು, ಹೊಲಿಯುವುದು, ಹೀಗೆ ಕೈಯಿಂದ ಕೈಗೆ ಬಟ್ಟೆ ದಾಟುತ್ತದೆ. ಉದ್ದ ಅಗಲ 3:2 ಅಳತೆಯಲ್ಲೇ ಇರಬೇಕು. ಚಕ್ರದ 24 ಅರಗಳು ಎರಡೂ ಬದಿಯಲ್ಲಿ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಬಣ್ಣದ ಹಂತದಲ್ಲಿ ಆದ ದೋಷ ಹೊಲಿಗೆಯ ಹಂತದಲ್ಲಿ ಕಣ್ಣಿಗೆ ಬಿದ್ದರೆ ನಡುವೆ ದುಡಿದ ಎಲ್ಲರ ಶ್ರಮ ವ್ಯರ್ಥ. ಇಂಥ ಕೆಲಸದಲ್ಲಿ "ಇದ್ಯಾಕೋ ಸರಿ ಕಾಣವಲ್ದು" ಅಂತ ಮೊದಲು ಬಾಯಿಬಿಡುವ ಹೆಣ್ಣುಮಗಳೇ ಎಲ್ಲರನ್ನೂ ಉಳಿಸುವವಳು.

ಹಾಗಾದರೆ ಜನ ಬಾಯಿಬಿಡಬೇಕಾದರೆ ನಾವು ದಿನಾ ಏನು ಮಾಡಬೇಕು?

ಮೊದಲನೆಯದು, ಕೆಟ್ಟ ಸುದ್ದಿ ಕಿವಿಗೆ ಬಿದ್ದ ಆ ಒಂದು ನಿಮಿಷ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ.

ಅಮೆರಿಕದಲ್ಲಿ ಏಮಿ ಎಡ್ಮಂಡ್‌ಸನ್ ಅಂತ ಸಂಶೋಧಕಿ ಇದ್ದಾರೆ. 1990ರ ದಶಕದಲ್ಲಿ ಅವರು ಆಸ್ಪತ್ರೆಯ ವಾರ್ಡ್‌ಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಹೊಂದಾಣಿಕೆ ಚೆನ್ನಾಗಿರುವ ವಾರ್ಡ್‌ನಲ್ಲಿ ತಪ್ಪು ಕಡಿಮೆ ಇರುತ್ತವೆ ಅಂತ ಅವರು ಅಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು. ಒಳ್ಳೆಯ ವಾರ್ಡ್‌ಗಳಲ್ಲೇ ತಪ್ಪಿನ ಸಂಖ್ಯೆ ಹೆಚ್ಚು! ಕೆದಕಿ ನೋಡಿದಾಗ ಕಾರಣ ಸಿಕ್ಕಿತು. ಆ ವಾರ್ಡ್‌ಗಳಲ್ಲಿ ನರ್ಸ್‌ಗಳು ಆದ ತಪ್ಪನ್ನು ಬಂದು ಹೇಳುತ್ತಿದ್ದರು. ಹೆದರಿಕೆ ಇದ್ದ ವಾರ್ಡ್‌ಗಳಲ್ಲಿ ಮುಚ್ಚಿಡುತ್ತಿದ್ದರು. ಇಲ್ಲಿರುವ ಹೆಡ್ ನರ್ಸ್‌ಗಳು ತಲೆ ಆಡಿಸುತ್ತಿದ್ದೀರಿ, ಇದು ನಿಮಗೆ ಹೊಸದೇನಲ್ಲ. ಕಾಗದದ ಮೇಲೆ ತಪ್ಪೇ ಇಲ್ಲದ ವಿಭಾಗ ಕಂಡರೆ ನನಗೆ ಖುಷಿಯಾಗುವುದಿಲ್ಲ, ಭಯ ಆಗುತ್ತದೆ.

ಒಬ್ಬರು ಬಂದು "ಸರ, ಹಿಂಗಾತ್ರಿ" ಅಂದಾಗ ನಿಮ್ಮ ಬಾಯಿಂದ ಮೊದಲು ಏನು ಬರುತ್ತದೆ? ನಮ್ಮ ಕಡೆ ಸಾಮಾನ್ಯವಾಗಿ ಬರುವುದು "ಕಣ್ಣ ಎಲ್ಲಿ ಇಟ್ಟಿದ್ದಿಲೇ?" ಅಲ್ವಾ? ಆ ಸಿಟ್ಟಿಗೆ ಕಾರಣ ಇದೆ ಅಂತ ನಾನೂ ಒಪ್ಪುತ್ತೇನೆ. ಮೇಲಿನವರಿಗೆ ಉತ್ತರ ಕೊಡಬೇಕಾದವರು ನೀವು. ಆದರೆ ಆ ಮಾತು ಕೇಳುವವನು ಅವನೊಬ್ಬನೇ ಅಲ್ಲ. ಸುತ್ತ ಇರುವ ಇಪ್ಪತ್ತು ಜನ ಕೆಲಸ ಮಾಡುತ್ತಲೇ ಕೇಳಿಸಿಕೊಳ್ಳುತ್ತಾರೆ. ಇನ್ನು ಮುಂದೆ ಅವರಲ್ಲಿ ಯಾರೂ ನಿಮ್ಮ ಹತ್ತಿರ ಬರುವುದಿಲ್ಲ.

ಆದ್ದರಿಂದ ಮಾತಿನ ಕ್ರಮ ಬದಲಿಸಿ ಅಂತ ಕೇಳಿಕೊಳ್ಳುತ್ತೇನೆ. ಮೊದಲು, "ಬಂದು ಹೇಳಿದ್ದು ಚಲೋ ಮಾಡಿದಿ." ಆಮೇಲೆ, "ಈಗ ಏನ್ ಮಾಡೂಣು?" ಇದನ್ನು ಅವನನ್ನೇ ಕೇಳಿ, ಅವನಿಗೆ ಬಹಳ ಸಲ ಉತ್ತರ ಗೊತ್ತಿರುತ್ತದೆ. "ಯಾಕ ಹಿಂಗಾತು" ಅನ್ನುವುದು ಕೊನೆಗೆ, ಅದೂ ಬೆಂಕಿ ಆರಿದ ಮೇಲೆ, ಆಚೆ ಕರೆದು, ಇಬ್ಬರೇ ಕೂತು. ಗೇಜ್ ಹಾಕಬೇಕಿತ್ತು, ಹಾಕಲಿಲ್ಲ, ಯಾಕೆ? ಆಗ ನಿಜವಾದ ಕಾರಣ ಹೊರಗೆ ಬರುತ್ತದೆ. ಮೂರು ಮೆಷಿನ್‌ಗೆ ಒಂದೇ ಗೇಜ್ ಇತ್ತು, ಅದು ಮೂರನೇ ಮೆಷಿನ್ ಮೇಲಿತ್ತು ಅನ್ನುತ್ತಾನೆ. ಇನ್ನೊಂದು ಗೇಜ್ ತರಿಸಿದರೆ ಮುಗಿಯಿತು. "ಕಣ್ಣ ಎಲ್ಲಿ ಇಟ್ಟಿದ್ದಿಲೇ" ಅಂದಿದ್ದರೆ ಗೇಜ್‌ನ ವಿಷಯ ಹತ್ತು ವರ್ಷವಾದರೂ ನಿಮಗೆ ತಿಳಿಯುತ್ತಿರಲಿಲ್ಲ.

ಬಾಯಿ ಸುಮ್ಮನಿದ್ದು ಮುಖ ಮಾತಾಡುವುದೂ ಉಂಟು. ಹುಬ್ಬು ಗಂಟಿಕ್ಕುವುದು, ಫೋನ್ ನೋಡುತ್ತಾ "ಹೂಂ, ಹೂಂ" ಅನ್ನುವುದು, ಉಸ್ಸಪ್ಪಾ ಅಂತ ತಲೆ ಹಿಡಿದುಕೊಳ್ಳುವುದು. ಬಂದವರು ಅದನ್ನೆಲ್ಲ ಓದುತ್ತಾರೆ. ಕೆಟ್ಟ ಸುದ್ದಿ ತಂದವರು ಬಾಗಿಲಲ್ಲಿ ಕಂಡರೆ ಫೋನ್ ಕೆಳಗಿಡಿ. ಅಷ್ಟೇ ಸಾಕು.

ಜಪಾನಿನ ಟೊಯೋಟಾ ಕಾರ್ಖಾನೆಗಳಲ್ಲಿ ಇದಕ್ಕೆ ಒಂದು ಹಗ್ಗವನ್ನೇ ಕಟ್ಟಿದ್ದರು. ಕಾರು ಜೋಡಿಸುವ ಲೈನ್ ಮೇಲೆ ಏನೋ ತಪ್ಪು ಕಂಡರೆ ಯಾವ ಕೆಲಸಗಾರ ಬೇಕಾದರೂ ಆ ಹಗ್ಗ ಎಳೆಯಬಹುದು. ದೀಪ ಹತ್ತುತ್ತದೆ, ಟೀಮ್ ಲೀಡರ್ ತಾನೇ ಅವನಿದ್ದಲ್ಲಿಗೆ ಬರುತ್ತಾನೆ. ಕೊಟ್ಟ ಸಮಯದಲ್ಲಿ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ನಮ್ಮಲ್ಲಿ ಹೇಳುವವನು ಕ್ಯಾಬಿನ್‌ವರೆಗೆ ನಡೆದು ಹೋಗಿ, ಬಾಗಿಲ ಹೊರಗೆ ನಿಂತು, ಒಳಗೆ ಕರೆದ ಮೇಲೆ ಹೇಳಬೇಕು. ಅಷ್ಟರಲ್ಲಿ ಅರ್ಧ ಧೈರ್ಯ ಇಳಿದಿರುತ್ತದೆ.

ಇನ್ನು ರೌಂಡ್ ಹಾಕುವ ವಿಷಯ. ನೀವೆಲ್ಲ ಹಾಕುತ್ತೀರಿ. ಹೇಗೆ ಹಾಕುತ್ತೀರಿ? "ಏನಪಾ, ಹೆಂಗ್ ನಡದೈತಿ?" "ಎಲ್ಲಾ ಚಲೋ ಐತ್ರಿ ಸರ." ಮುಂದಿನ ಮೆಷಿನ್. ಹೀಗೆ ಇಡೀ ಶೆಡ್ ಸುತ್ತಿ ಬಂದರೂ ನಿಮ್ಮ ಕೈಗೆ ಏನೂ ಸಿಕ್ಕಿರುವುದಿಲ್ಲ. ಅವರ ತಪ್ಪೇನಿಲ್ಲ, ಕೇಳಿದ ಪ್ರಶ್ನೆಗೆ ಮರ್ಯಾದೆಯ ಉತ್ತರ ಅದೇ. ಊರಲ್ಲಿ ಯಾರು ಕೇಳಿದರೂ ನಾವು ಹಾಗೇ ಹೇಳುತ್ತೇವೆ.

ಪ್ರಶ್ನೆ ಬೇರೆ ಕೇಳಿ. "ಇವತ್ತ ಯಾವ ಜಾಬ್ ತ್ರಾಸ ಕೊಡಾಕತ್ತೈತಿ?" "ಈ ವಾರ ಏನರ ಕೈ ಕೊಡೋದಿದ್ರ ಯಾವುದು ಕೊಡ್ತೈತಿ ಅನಸ್ತೈತಿ?" ಇದಕ್ಕೆ ಚಲೋ ಐತಿ ಅಂತ ಹೇಳಲು ಬರುವುದಿಲ್ಲ. ಕೇಳಿದ ಮೇಲೆ ಸುಮ್ನೆ ನಿಲ್ಲಿ. ಇದು ಬಹಳ ಕಷ್ಟ. ಎರಡು ಕ್ಷಣ ಉತ್ತರ ಬರದಿದ್ದರೆ ನಾವೇ ಮಾತು ತುಂಬಿಬಿಡುತ್ತೇವೆ. ತುಂಬಬೇಡಿ. ಅವರು ಯೋಚನೆ ಮಾಡುತ್ತಿರುತ್ತಾರೆ, ಹೇಳಲೋ ಬೇಡವೋ ಅಂತ ಲೆಕ್ಕ ಹಾಕುತ್ತಿರುತ್ತಾರೆ. ಇನ್ನೊಂದು ಮಾತು, ರೌಂಡ್‌ನಲ್ಲಿ ಕಂಡ ಪ್ರತಿ ಸಣ್ಣ ಲೋಪಕ್ಕೂ ಅಲ್ಲೇ ಬಾಯಿ ಹಾಕಬೇಡಿ. ನೆಲದ ಮೇಲೆ ಎಣ್ಣೆ ಚೆಲ್ಲಿದ್ದರೆ, ಮೆಷಿನ್‌ನ ಗಾರ್ಡ್ (ರಕ್ಷಣೆಯ ಮುಚ್ಚಳ) ತೆಗೆದಿಟ್ಟಿದ್ದರೆ ಹೇಳಲೇಬೇಕು, ಅದು ಜೀವದ ಪ್ರಶ್ನೆ. ಉಳಿದದ್ದು ತಡೆಯುತ್ತದೆ. ಇಲ್ಲದಿದ್ದರೆ ನೀವು ದೂರದಲ್ಲಿ ಕಂಡ ಕೂಡಲೇ ಎಲ್ಲರೂ ತಲೆ ಬಗ್ಗಿಸುತ್ತಾರೆ.

ಬ್ಯಾಡಗಿಯವರಿಗೆ ಒಂದು ಮಾತು. ನಿಮ್ಮ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿ (ಜಿಐ), ಅಂದರೆ ಈ ಕಡೆಯದೇ ಬೆಳೆ ಅನ್ನುವ ಅಧಿಕೃತ ಗುರುತು, ಸಿಕ್ಕಿದೆ, ಬಣ್ಣಕ್ಕೆ ದೇಶದ ಹೊರಗೂ ಹೆಸರಿದೆ. ಆ ಬಣ್ಣ ಉಳಿಯಬೇಕಾದರೆ ಚೀಲದೊಳಗೆ ಹಸಿ ಇರಬಾರದು. ಹಸಿ ಇದ್ದರೆ ಬೂಷ್ಟು ಬರುತ್ತದೆ, ಪಕ್ಕದ ಕಾಯಿಗೂ ಹತ್ತುತ್ತದೆ. ಆವಕ ಹೆಚ್ಚಿದ ದಿನ, ಲಾರಿ ಸಾಲು ಹಚ್ಚಿ ನಿಂತಾಗ, ಪ್ರತಿ ಚೀಲ ಬಿಚ್ಚಿ ನೋಡಲು ನಿಮಗೆ ಆಗುವುದಿಲ್ಲ. ಆದರೆ ಹಮಾಲರು ಪ್ರತಿ ಚೀಲ ಹೊರುತ್ತಾರೆ. ಒಂದು ಚೀಲ ತೂಕಕ್ಕೆ ಮೀರಿ ಭಾರ ಇದ್ದರೆ, ಬೆನ್ನಿಗೆ ತಣ್ಣಗೆ ಹತ್ತಿದರೆ, ಮೊದಲು ಗೊತ್ತಾಗುವುದು ಅವರಿಗೇ. ಹೊರುವುದು ಅವರ ಕೆಲಸ. ಹೇಳುವುದೂ ಅವರ ಕೆಲಸ ಅಂತ ಯಾರೂ ಹೇಳಿಲ್ಲ. "ಕಾಕಾ, ಹಸಿ ಚೀಲ ಕೈಗೆ ಹತ್ತಿದ್ರ ಬ್ಯಾರೆ ಇಡ್ರಿ, ನನಗ ಒಂದ ಕೂಗ ಹಾಕ್ರಿ" ಅಂತ ನೀವೇ ಹೋಗಿ ಹೇಳಬೇಕು. ಹಾಗೆ ಬೇರೆ ಇಟ್ಟಿದ್ದಕ್ಕೆ ಅವರ ಕೂಲಿ ಕಡಿಮೆ ಆಗಬಾರದು. ಚೀಲದ ಲೆಕ್ಕದಲ್ಲಿ ಕೂಲಿ ಇರುವಾಗ ನಿಂತು ಹೇಳುವವನಿಗೆ ನಷ್ಟ ಆದರೆ ಯಾರು ನಿಲ್ಲುತ್ತಾರೆ?

ಕೆಲಸ ಸಣ್ಣದಿದ್ದಾಗ ಸುದ್ದಿ ತಾನಾಗಿ ಬರುತ್ತದೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಸಹಕಾರ ಸಂಘ ನಿಮಗೆಲ್ಲ ಗೊತ್ತು, ದೇಶದ ಮೊದಲ ಕೃಷಿ ಸಹಕಾರ ಸಂಘ ಅಂತ ಅದಕ್ಕೆ ಹೆಸರು. ಅದರ ಹಿಂದಿನ ವರ್ಷ, 1904ರಲ್ಲಿ ಬಂದ ಕಾಯ್ದೆ, ಸಂಘ ಕಟ್ಟುವವರು ಕನಿಷ್ಠ ಹತ್ತು ಜನ ಇರಬೇಕು, ಒಂದೇ ಊರಿನವರೋ ಅಕ್ಕಪಕ್ಕದ ಊರಿನವರೋ ಆಗಿರಬೇಕು ಎಂದಿತ್ತು. ಅದರಲ್ಲಿ ದೊಡ್ಡ ತಿಳಿವಳಿಕೆ ಇದೆ. ಯಾರ ಹೊಲದಲ್ಲಿ ಬೆಳೆ ಕೈಕೊಟ್ಟಿದೆ, ಯಾರ ಎತ್ತು ಸತ್ತಿದೆ ಅಂತ ಕಂತಿನ ದಿನ ಬರುವ ಮೊದಲೇ ಊರಿಗೆ ಗೊತ್ತು. ಯಾರೂ ರಿಪೋರ್ಟ್ ಬರೆಯಬೇಕಿಲ್ಲ. ವಿಜಯ ಸಂಕೇಶ್ವರ ಅವರು 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಸಾರಿಗೆ ಶುರು ಮಾಡಿದರು. ಒಂದು ಲಾರಿ ಇದ್ದಾಗ ಅದು ಎಲ್ಲಿ ನಿಂತಿದೆ ಅಂತ ಮಾಲಕರಿಗೆ ತಿಳಿಯದೇ ಇರಲು ಸಾಧ್ಯವಿಲ್ಲ. ಅವರ ಸಂಸ್ಥೆಯ ಹಾಗೆ ಲಾರಿಗಳು ಸಾವಿರಗಳಾದಾಗ ಸುದ್ದಿ ಬರುವ ದಾರಿಯನ್ನು ಬೇಕಂತಲೇ ಕಟ್ಟಬೇಕು. ನಿಮ್ಮಲ್ಲಿ ಬಹಳ ಜನ ಈಗ ಇರುವುದು ಈ ಎರಡರ ನಡುವೆ. ಐದು ಜನರಿದ್ದ ಶೆಡ್ ಐವತ್ತು ಜನರದಾಗಿದೆ, ಅಭ್ಯಾಸಗಳು ಮಾತ್ರ ಐದು ಜನರ ಕಾಲದವೇ ಉಳಿದಿವೆ.

ಮುಂದಿನದು ಸಣ್ಣ ನೋಟ್‌ಬುಕ್. ಮೊಬೈಲ್ ಆದರೂ ಆಯಿತು. ಒಬ್ಬ ಅಕ್ಕ ಬಂದು "ಆ ಫ್ಯಾನ್ ತಿರಗವಲ್ದ್ರಿ, ಕಣ್ಣಾಗ ಧೂಳ ಬೀಳತೈತಿ" ಅಂದಳು ಅನ್ನಿ. ನೀವು "ನೋಡೋಣ ಬಿಡವ್ವಾ" ಅಂದಿರಿ. ಮರೆತಿರಿ. ನೀವು ಬೈಯಲಿಲ್ಲ, ಮುಖ ಗಂಟಿಕ್ಕಲಿಲ್ಲ, ಆದರೂ ಆಕೆ ಮತ್ತೊಮ್ಮೆ ಏನೂ ಹೇಳುವುದಿಲ್ಲ. ಹೇಳಿ ಏನು ಬಂತು ಅನ್ನುತ್ತಾಳೆ. ಬೈಗುಳಕ್ಕಿಂತ ಇದರಿಂದಲೇ ಜಾಸ್ತಿ ಬಾಯಿಗಳು ಮುಚ್ಚುತ್ತವೆ ಅಂತ ನನ್ನ ನಂಬಿಕೆ. ಎದುರಿಗೇ ಬರೆದುಕೊಳ್ಳಿ. ಎರಡು ದಿನದಲ್ಲಿ ಹೋಗಿ ಉತ್ತರ ಹೇಳಿ. ಉತ್ತರ "ಈ ತಿಂಗಳು ಆಗಲ್ಲ, ಮಾಲಕರು ಮುಂದಿನ ತಿಂಗಳು ಅಂದಾರ" ಅಂತ ಇದ್ದರೂ ಪರವಾಗಿಲ್ಲ. ಹೋಗಿ ಹೇಳಿದಿರಲ್ಲ, ಅದು ಆಕೆಗೆ ಬೇಕು.

ಹೆಸರು ಹಿಡಿದು ಮಾತಾಡಿಸುವ ಬಗ್ಗೆ ಬಹಳ ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸೆಯ ಚೆಕ್‌ಲಿಸ್ಟ್‌ನಲ್ಲಿ, ಚಾಕು ಹಿಡಿಯುವ ಮೊದಲು ಕೋಣೆಯಲ್ಲಿರುವ ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಬೇಕು ಅಂತ ಒಂದು ಸಾಲಿದೆ. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಆ ಚೆಕ್‌ಲಿಸ್ಟ್ ಪ್ರಯೋಗ ಮಾಡಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿದಿತ್ತು. ಹೆಸರು ಹೇಳಿದ್ದರಿಂದಲೇ ಇಳಿಯಿತು ಅಂತಲ್ಲ, ಪಟ್ಟಿಯಲ್ಲಿ ಬೇರೆ ಎಷ್ಟೋ ಇದ್ದವು. ಆದರೆ ಒಮ್ಮೆ ಬಾಯಿ ತೆರೆದವರು ಮತ್ತೆ ತೆರೆಯುವುದು ಸುಲಭ ಅಂತಲೇ ಆ ಸಾಲು ಅಲ್ಲಿದೆ. ಬೆಳಗಿನ ಐದು ನಿಮಿಷದ ಮೀಟಿಂಗ್‌ನಲ್ಲಿ ನೀವೊಬ್ಬರೇ ಮಾತಾಡಿ ಕಳಿಸಬೇಡಿ. ಪ್ರತಿಯೊಬ್ಬರೂ ಒಂದು ಮಾತಾದರೂ ಆಡಲಿ.

ಇನ್ನೊಂದು ಅಭ್ಯಾಸ, ಅರ್ಧಕ್ಕೆ ನಿಂತ ಮಾತನ್ನು ಪೂರ್ತಿ ಕೇಳುವುದು. 1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಹತ್ತಿರ ಯುನೈಟೆಡ್ ಏರ್‌ಲೈನ್ಸ್‌ನ ವಿಮಾನ ಬಿತ್ತು. ಎಂಜಿನ್ ಕೆಟ್ಟಿರಲಿಲ್ಲ, ಇಂಧನ ಖಾಲಿಯಾಗಿತ್ತು. ಚಕ್ರ ಸರಿಯಾಗಿ ಇಳಿದಿದೆಯೋ ಇಲ್ಲವೋ ಅನ್ನುವ ಚಿಂತೆಯಲ್ಲಿ ಕ್ಯಾಪ್ಟನ್ ಆಕಾಶದಲ್ಲೇ ಸುತ್ತು ಹಾಕುತ್ತಿದ್ದರು. ಪಕ್ಕದಲ್ಲಿದ್ದವರು ಇಂಧನದ ಬಗ್ಗೆ ಹೇಳಿದ್ದರು, ಆದರೆ ಸೂಚನೆಯ ಹಾಗೆ, ಮೆತ್ತಗೆ. ಅದು ಕ್ಯಾಪ್ಟನ್ ತಲೆಗೆ ಹೋಗಲಿಲ್ಲ. ಹತ್ತು ಜನ ಸತ್ತರು. ವಿಮಾನದಲ್ಲಿ ಕೆಳಗಿನವರು ಗಟ್ಟಿಯಾಗಿ ಹೇಳುವುದನ್ನೂ ಮೇಲಿನವರು ಕೇಳಿಸಿಕೊಳ್ಳುವುದನ್ನೂ ತರಬೇತಿಯಾಗಿ ಕಲಿಸಲು ಶುರು ಮಾಡಿದ್ದು ಇಂಥ ಅಪಘಾತಗಳ ನಂತರ.

ನಮ್ಮ ಕಡೆ ದೊಡ್ಡವರ ಎದುರು ನೇರವಾಗಿ ಮಾತಾಡುವ ರೂಢಿಯೇ ಇಲ್ಲ. "ಸರ, ಒಂದ್ಸಲ ನೀವ ಬಂದ ನೋಡಿದ್ರ ಚಲೋ ಆಕ್ಕಿತ್ತೇನೋ" ಅಂತ ಶುರು ಮಾಡಿ, "ಇರ್ಲಿ ಬಿಡ್ರಿ" ಅಂತ ಮುಗಿಸುತ್ತಾರೆ. ಆ "ಇರ್ಲಿ ಬಿಡ್ರಿ" ಕೇಳಿದ ಕೂಡಲೇ ನೀವು ಎದ್ದು ಅವರ ಜೊತೆ ನಡೆಯಬೇಕು. ಅದು ನಮ್ಮ ಜನರ ಮಟ್ಟಿಗೆ ಕೂಗಿದ ಹಾಗೇ.

ನನ್ನ ಮಾತು ಇಷ್ಟೇ. ಆಮೇಲೆ ಬಂದ ಪ್ರಶ್ನೆಗಳು ಇವು.

ಪ್ರಶ್ನೆ: ಇಷ್ಟು ಸಲಿಗೆ ಕೊಟ್ಟರೆ ತಲೆ ಮೇಲೆ ಕೂರುವುದಿಲ್ಲವೇ? ತಪ್ಪು ಮಾಡಿ, ಬಂದು ಹೇಳಿ, ಕೈ ತೊಳೆದುಕೊಳ್ಳುತ್ತಾರೆ.

ಇದು ನ್ಯಾಯವಾದ ಪ್ರಶ್ನೆ. ಬಂದು ಹೇಳಿದ ತಪ್ಪು, ಮುಚ್ಚಿಟ್ಟ ತಪ್ಪು, ಬೇಕಂತ ಮಾಡಿದ ತಪ್ಪು, ಇವು ಮೂರನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಹೇಳಿದ್ದಕ್ಕೆ ಶಿಕ್ಷೆ ಇಲ್ಲ, ಮುಚ್ಚಿಟ್ಟರೆ ಬಿಡುವುದಿಲ್ಲ ಅಂತ ಮೊದಲೇ ಎಲ್ಲರ ಮುಂದೆ ಹೇಳಿ, ಹೇಳಿದಂತೆ ನಡೆಯಿರಿ. ಕುಡಿದು ಮೆಷಿನ್ ಮೇಲೆ ನಿಂತರೆ, ಗಾರ್ಡ್ ಬಿಚ್ಚಿ ಓಡಿಸಿದರೆ ಅಲ್ಲಿ ಮಾತೇ ಇಲ್ಲ, ಆ ಕ್ಷಣ ಕೆಳಗಿಳಿಸಿ. ಇನ್ನು ಅದೇ ಮನುಷ್ಯ ಅದೇ ತಪ್ಪನ್ನು ಮೂರು ಸಲ ಬಂದು ಹೇಳಿದರೆ ಒಂದೋ ಅವನಿಗೆ ಕೆಲಸ ಕಲಿಸಿಲ್ಲ, ಇಲ್ಲ ಆ ಕೆಲಸ ಅವನಿಗೆ ಹೊಂದುವುದಿಲ್ಲ. ಎರಡಕ್ಕೂ ಮದ್ದು ನಿಮ್ಮ ಕೈಯಲ್ಲೇ ಇದೆ. ಅವನು ಹೇಳದೇ ಇದ್ದಿದ್ದರೆ ಆ ಮದ್ದು ಕೊಡಲೂ ಆಗುತ್ತಿರಲಿಲ್ಲ.

ಪ್ರಶ್ನೆ: ನಾವು ತಡೆದುಕೊಳ್ಳುತ್ತೇವೆ. ಮಾಲಕರೇ ಬಾಯಿ ಮಾಡಿದರೆ? ಯಾರು ಮಾಡಿದ್ದು, ಹೆಸರು ಹೇಳು ಅನ್ನುತ್ತಾರೆ.

ನಡುವೆ ನಿಂತವರ ಕಷ್ಟ ಇದೇ, ಇದನ್ನು ಹಗುರ ಮಾಡಿ ಹೇಳಲು ನನಗೆ ಮನಸ್ಸಿಲ್ಲ. ಮೊದಲನೆಯದಾಗಿ, ಮಾಲಕರಿಗೆ ಬೇರೆಯವರಿಂದ ತಿಳಿಯುವ ಮೊದಲು ನೀವೇ ಹೋಗಿ. ಮೂರು ಮಾತು ಹೇಳಿ. ಏನಾಗಿದೆ, ನಾವು ಈಗಾಗಲೇ ಏನು ಮಾಡಿದ್ದೇವೆ, ನಿಮ್ಮಿಂದ ಏನು ಬೇಕು. ಇಪ್ಪತ್ತು ಜಾಬ್ ಬೇರೆ ಇಟ್ಟಿದ್ದೇವೆ, ನಾಲ್ಕು ರಿಜೆಕ್ಟ್, ಉಳಿದವು ಸರಿ ಇವೆ, ಇನ್ನೊಂದು ಗೇಜ್ ಬೇಕು. ಹೀಗೆ ಹೇಳಿದರೆ ಸಿಟ್ಟು ಬರುವುದಿಲ್ಲ ಅಂತಲ್ಲ, ಬಂದರೂ ಅದಕ್ಕೆ ಹಿಡಿದುಕೊಳ್ಳಲು ಒಂದು ಕೆಲಸ ಸಿಗುತ್ತದೆ. ಹೆಸರು ಕೇಳಿದಾಗ, "ನನ್ನ ಶಿಫ್ಟಿನ್ಯಾಗ ಆಗೇತ್ರಿ, ನಾ ನೋಡ್ಕೋತೇನ್ರಿ" ಅನ್ನಿ. ಎರಡನೇ ಸಲ ಕೇಳಿದರೂ ಅದೇ ಅನ್ನಿ. ನೀವು ಹಾಗೆ ಅಂದಿರಿ ಅನ್ನುವುದು ಸಂಜೆಯೊಳಗೆ ಶೆಡ್‌ಗೆಲ್ಲ ಗೊತ್ತಾಗಿರುತ್ತದೆ. ಮಾಲಕರ ಜೊತೆ ಗದ್ದಲ ಇಲ್ಲದ ಒಂದು ದಿನ ನೋಡಿ ಕೂತು, ಬೇಗ ಗೊತ್ತಾಗಿ ಉಳಿದ ಹಣದ ಲೆಕ್ಕ ತೋರಿಸಿ. ಎಷ್ಟು ಜಾಬ್, ಎಷ್ಟು ಮಾಲು, ಎಷ್ಟು ತಾಸಿನ ಕೆಲಸ ಉಳಿಯಿತು ಅಂತ ಬರೆದು ಕೊಡಿ. ಮಾಲಕರು ಲೆಕ್ಕ ನೋಡಿ ಬದಲಾಗುವ ಜನ.